ತಿಂಗಳಿಗೊಂದು ದಿನದ ಲೆಕ್ಕ ನಲವತ್ತೈದರ ಮೇಲೆ ನಡೆಯದು

ಮಾನ್ಯ ಸಂಪಾದಕರೇ,

ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಹೊರಡಿಸಿದ ಮುಟ್ಟಿನ ರಜೆಯ ಆದೇಶದ ಬಗ್ಗೆ ಪರ–ವಿರೋಧದ ಮಾತು ಸಾಕಷ್ಟು ಕೇಳಿಬಂದಿದೆ. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಏರಿದೆ. ಕಾರ್ಖಾನೆ, ಅಂಗಡಿ, ಪ್ಲಾಂಟೇಷನ್, ಬೀಡಿ, ಮೋಟಾರು ಸಾರಿಗೆಯಲ್ಲಿ ದುಡಿಯುವ 18ರಿಂದ 52 ವರ್ಷದೊಳಗಿನ ಮಹಿಳೆಯರಿಗೆ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ ವೇತನಸಹಿತ ರಜೆ. ವೈದ್ಯರ ಚೀಟಿ ಬೇಡ. ಆದರೆ ಆಯಾ ತಿಂಗಳ ರಜೆ ಆಯಾ ತಿಂಗಳಿಗೇ ಮುಗಿಯಬೇಕು, ಮುಂದಿನ ತಿಂಗಳಿಗೆ ಒಯ್ಯುವಂತಿಲ್ಲ. ಕೊಡಬೇಕೋ ಬೇಡವೋ ಎಂಬ ಜಗಳದ ನಡುವೆ ಆ 52 ಎಂಬ ಅಂಕಿಯ ಬಗ್ಗೆ ಚರ್ಚೆಯೇ ಆಗಿಲ್ಲ. ಭಾರತದ ಮಹಿಳೆಯರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ನಿಲ್ಲುವ ಮುಂಚಿನ ನಾಲ್ಕಾರು ವರ್ಷ ಮುಟ್ಟು ತಿಂಗಳ ಮಾತು ಕೇಳುವುದಿಲ್ಲ. ಎರಡು ತಿಂಗಳು ಸುದ್ದಿಯೇ ಇಲ್ಲದೆ ಮೂರನೇ ತಿಂಗಳು ಹದಿನೈದು ದಿನ ಹರಿಯುವ ಹೆಂಗಸಿಗೆ, ಬೇಡದ ತಿಂಗಳಲ್ಲಿ ಎರಡು ರಜೆ ವ್ಯರ್ಥವಾಗಿ, ಬೇಕಾದ ತಿಂಗಳಲ್ಲಿ ಒಂದೇ ಸಿಗುತ್ತದೆ.

ರಜೆಯೊಂದೇ ಅಲ್ಲ. ಮಾತ್ರೆ, ಪ್ಯಾಡು, ಸ್ಕ್ಯಾನಿಂಗ್, ಮನೆಯವರ ಸಲಹೆ ಎಲ್ಲವೂ 28 ದಿನದ ಮುಟ್ಟನ್ನೇ ನಂಬಿಕೊಂಡು ನಡೆಯುತ್ತಿವೆ. ಉಚಿತ ಪ್ಯಾಡಿನ ‘ಶುಚಿ’ ಯೋಜನೆ 10ರಿಂದ 18 ವರ್ಷದ ಹುಡುಗಿಯರಿಗೆ. ಅದು ಒಳ್ಳೆಯ ಕೆಲಸವೇ. ಆದರೆ ಅತಿ ಹೆಚ್ಚು ಪ್ಯಾಡು ಬೇಕಾಗುವುದು ಅವರ ತಾಯಂದಿರಿಗೆ ಎಂಬುದು ಯಾವ ಯೋಜನೆಯಲ್ಲೂ ಕಾಣುವುದಿಲ್ಲ.

ಆಗುವುದೇನೆಂದರೆ: ಅಂಡಾಶಯದಿಂದ ಅಂಡ ಹೊರಬಂದ ಮೇಲೆ ಮಾತ್ರ ಪ್ರೊಜೆಸ್ಟರಾನ್ ಹಾರ್ಮೋನು ತಯಾರಾಗುತ್ತದೆ. ಗರ್ಭಕೋಶದ ಒಳಪದರವನ್ನು ಬೆಳೆಸುವುದು ಈಸ್ಟ್ರೊಜನ್. ಅದನ್ನು ಹದಕ್ಕೆ ತಂದು, ಗೊತ್ತಾದ ದಿನ ಒಟ್ಟಿಗೆ ಕಳಚುವಂತೆ ಮಾಡುವುದು ಪ್ರೊಜೆಸ್ಟರಾನ್. ನಲವತ್ತು ದಾಟಿದ ಮೇಲೆ ಕೆಲವು ತಿಂಗಳು ಅಂಡ ಬರುವುದೇ ಇಲ್ಲ. ಗೊಬ್ಬರ ಸುರಿದು ಕಟಾವು ಮರೆತ ಗದ್ದೆಯ ಹಾಗೆ ಪದರ ಬೆಳೆಯುತ್ತಲೇ ಹೋಗಿ, ಆಮೇಲೆ ಅಲ್ಲಲ್ಲಿ ಚೂರುಚೂರಾಗಿ ಉದುರುತ್ತದೆ. ತಡವಾಗಿ ಬಂದ ಮುಟ್ಟು ಜೋರಾಗಿ, ಗಡ್ಡೆಗಡ್ಡೆಯಾಗಿ, ಬೇಗ ನಿಲ್ಲದೆ ಹೋಗುವುದು ಇದಕ್ಕೇ. ಈ ವಯಸ್ಸಿನಲ್ಲಿ ಈಸ್ಟ್ರೊಜನ್ ಒಂದೇ ಸಮ ಇಳಿಯುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಅದು ಒಂದು ವಾರ ಆಕಾಶಕ್ಕೇರಿ ಮತ್ತೊಂದು ವಾರ ಪಾತಾಳಕ್ಕಿಳಿಯುತ್ತದೆ. ಹಾಗಾಗಿ 45 ದಾಟಿದವರಿಗೆ ‘ಮುಟ್ಟು ನಿಲ್ಲುತ್ತಿದೆಯಾ ನೋಡೋಣ’ ಎಂದು ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಮೆದುಳಿನಿಂದ ಬರುವ ಹಾರ್ಮೋನು) ರಕ್ತಪರೀಕ್ಷೆಗೆ ಹಣ ಸುರಿಯುವುದು ದಂಡ. ಇವತ್ತಿನ ಅಂಕಿ ಮುಂದಿನ ವಾರ ಇರುವುದಿಲ್ಲ. ಹಿಂದಿನ ಮುಟ್ಟಿಗೂ ಈ ಮುಟ್ಟಿಗೂ ಅಂತರ ಏಳು ದಿನಕ್ಕಿಂತ ಹೆಚ್ಚು ಏರುಪೇರಾಗುತ್ತಿದ್ದರೆ ಬದಲಾವಣೆ ಶುರುವಾಗಿದೆ ಎಂದರ್ಥ. 60 ದಿನಕ್ಕೂ ಮೀರಿ ಬಾರದಿದ್ದರೆ ಕೊನೆಯ ಹಂತ ಹತ್ತಿರವಾಗಿದೆ. ಸತತ 12 ತಿಂಗಳು ಬಾರದಿದ್ದರೆ ನಿಂತಿದೆ. ಇದಕ್ಕೆ ಕ್ಯಾಲೆಂಡರ್ ಸಾಕು. 40ಕ್ಕೂ ಮೊದಲೇ ನಿಂತವರದ್ದು ಬೇರೆ ಕಥೆ. ಅವರಿಗೆ ರಕ್ತಪರೀಕ್ಷೆಯೂ ಬೇಕು, ಮೂಳೆ ಮತ್ತು ಹೃದಯದ ಸಲುವಾಗಿ ಹಾರ್ಮೋನು ಚಿಕಿತ್ಸೆಯೂ ಸಾಮಾನ್ಯವಾಗಿ ಬೇಕು.

‘ನಿಲ್ಲೋ ಟೈಮು, ಹಾಗೇ ಹೋಗುತ್ತೆ ಬಿಡು.’ ಈ ಮಾತಿನಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ. ಎಷ್ಟು ಹೋದರೆ ಹೆಚ್ಚು ಎಂಬುದಕ್ಕೆ ಅಳತೆಯಿದೆ. ಒಂದು ಮುಟ್ಟಿನಲ್ಲಿ 80 ಎಂಎಲ್ ದಾಟಿದರೆ ಅದು ಅತಿಸ್ರಾವ. ಸಾಮಾನ್ಯ ಪ್ಯಾಡು ಪೂರ್ತಿ ನೆನೆದಾಗ ಅಂದಾಜು 5ರಿಂದ 10 ಎಂಎಲ್, ರಾತ್ರಿಯ ದೊಡ್ಡ ಪ್ಯಾಡು 10ರಿಂದ 15 ಎಂಎಲ್ ಹಿಡಿಯುತ್ತದೆ. ಮುಟ್ಟಿನ ಕಪ್ ಬಳಸುವವರಿಗೆ ಲೆಕ್ಕ ಇನ್ನೂ ಸುಲಭ, ಹಲವು ಕಪ್‌ಗಳ ಮೇಲೆಯೇ ಗೆರೆಗಳಿರುತ್ತವೆ. ಎಂಎಲ್ ಅಳೆಯಲು ಮನಸ್ಸಿಲ್ಲದಿದ್ದರೆ ಬೇರೆ ಗುರುತುಗಳಿವೆ: ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡು ಬದಲಿಸಬೇಕಾಗುವುದು, ಪ್ಯಾಡಿನ ಮೇಲೆ ಬಟ್ಟೆಯನ್ನೂ ಇಟ್ಟುಕೊಳ್ಳುವುದು, ರಾತ್ರಿ ಎದ್ದು ಬದಲಿಸುವುದು, ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ರಕ್ತದ ಗಡ್ಡೆ ಬೀಳುವುದು, ಏಳು ದಿನ ದಾಟುವುದು. ಇದರಲ್ಲಿ ಯಾವುದೊಂದಿದ್ದರೂ ವೈದ್ಯರನ್ನು ಕಾಣಬೇಕು. ಗಂಟೆಗೊಂದು ಪ್ಯಾಡಿನಂತೆ ಎರಡು ಮೂರು ಗಂಟೆ ಸತತವಾಗಿ ನೆನೆದು, ಜತೆಗೆ ತಲೆಸುತ್ತು, ಏದುಸಿರು, ಎದೆಬಡಿತ ಇದ್ದರೆ ಮರುದಿನದ ಒಪಿಡಿಗೆ ಕಾಯಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು.

ಹೋಗುವಾಗ ಮೂರು ತಿಂಗಳ ಚೀಟಿ ಜತೆಗಿರಲಿ. ಗೋಡೆಯ ಕ್ಯಾಲೆಂಡರಿನಲ್ಲೇ ಸಾಕು: ರಕ್ತ ಕಂಡ ದಿನಕ್ಕೆ ಒಂದು ಗೆರೆ, ಪೂರ್ತಿ ನೆನೆದ ಪ್ಯಾಡಿಗೆ ಒಂದು ಚುಕ್ಕೆ, ಗಡ್ಡೆ ಬಿದ್ದರೆ ‘ಗ’, ಮೈ ಬಿಸಿಯೇರಿದರೆ ‘ಬಿ’. ‘ತುಂಬಾ ಹೋಗ್ತಿದೆ ಡಾಕ್ಟ್ರೇ’ ಎಂಬ ಮಾತಿಗಿಂತ ಆ ಚುಕ್ಕೆಗಳಿಗೆ ಬೆಲೆ ಹೆಚ್ಚು.

ಮೊದಲು ಮಾಡಬೇಕಾದ್ದು ಮೂತ್ರದ ಗರ್ಭಪರೀಕ್ಷೆ. ನಗಬೇಡಿ, 46ರಲ್ಲೂ ಬಸಿರು ನಿಲ್ಲುತ್ತದೆ. ಕೊನೆಯ ಮುಟ್ಟು 50ರೊಳಗೆ ಆಗಿದ್ದರೆ ಎರಡು ವರ್ಷ, 50ರ ಮೇಲೆ ಆಗಿದ್ದರೆ ಒಂದು ವರ್ಷ ಗರ್ಭನಿರೋಧಕ ಮುಂದುವರಿಸಬೇಕು. ಆಮೇಲೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. ಅದಾದ ಮೇಲೆ ಸ್ಕ್ಯಾನಿಂಗ್. ನಿಜವಾದ ಗೊಂದಲ ಶುರುವಾಗುವುದು ಇಲ್ಲಿಂದ.

ಸ್ಕ್ಯಾನಿಂಗ್ ವರದಿಯ ಕೊನೆಯಲ್ಲಿ ದಪ್ಪಕ್ಷರದಲ್ಲಿ ‘ಬಲ್ಕಿ ಯೂಟರಸ್’ ಎಂದು ಅಚ್ಚಾಗಿರುತ್ತದೆ. ‘ಗರ್ಭಕೋಶ ಊದಿಕೊಂಡಿದೆಯಂತೆ’ ಎಂದು ಮನೆಯಲ್ಲಿ ಸುದ್ದಿಯಾಗುತ್ತದೆ. ಎರಡು ಮೂರು ಹೆರಿಗೆಯಾದ ಗರ್ಭಕೋಶ ಸ್ವಲ್ಪ ದೊಡ್ಡದಾಗಿಯೇ ಇರುತ್ತದೆ. ಆ ಎರಡು ಪದ ರೋಗದ ಹೆಸರಲ್ಲ, ಬರೀ ಗಾತ್ರದ ವರ್ಣನೆ. ‘ನಬೋಥಿಯನ್ ಸಿಸ್ಟ್’ ಎಂದಿದ್ದರೆ ಅದು ಗರ್ಭಕೋಶದ ಬಾಯಿಯಲ್ಲಿ ಲೋಳೆ ತುಂಬಿದ ಸಣ್ಣ ಗುಳ್ಳೆ, ಅದಕ್ಕೆ ಚಿಕಿತ್ಸೆಯೇ ಬೇಡ. ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುವಿನ, ಕ್ಯಾನ್ಸರ್ ಅಲ್ಲದ) ಗಡ್ಡೆ ಎಷ್ಟು ಸೆಂಟಿಮೀಟರ್ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದನ್ನು ಕೇಳಿ. ಹೊರಗೋಡೆಯಲ್ಲಿರುವ 3 ಸೆಂ.ಮೀ. ಗಡ್ಡೆ ರಕ್ತಸ್ರಾವಕ್ಕೆ ಕಾರಣವಾಗುವುದು ಅಪರೂಪ. ಒಳಪದರಕ್ಕೆ ಚಾಚಿದ ಒಂದೂವರೆ ಸೆಂ.ಮೀ. ಗಡ್ಡೆ ಸಾಕು ಹೊಳೆ ಹರಿಸಲು. ಒಳಪದರದ ದಪ್ಪ ‘12 ಮಿ.ಮೀ.’ ಎಂದಿದ್ದರೆ ಅದೂ ಮುಟ್ಟಿನ ಎಷ್ಟನೇ ದಿನ ನೋಡಿದ್ದು ಎಂಬುದರ ಮೇಲೆ ನಿಂತಿದೆ. ಮುಟ್ಟು ಬರುವ ಮುಂಚಿನ ವಾರದಲ್ಲಿ ಆ ದಪ್ಪ ಸಹಜ. 4 ಮಿ.ಮೀ. ಎಂಬ ಗಡಿ ಅನ್ವಯಿಸುವುದು ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡವರಿಗೆ ಮಾತ್ರ. ಈ ಎರಡು ಗುಂಪನ್ನು ಕಲಸಿದ್ದರಿಂದ ಅನಗತ್ಯವಾಗಿ ಹೆದರಿದವರು ಎಷ್ಟೋ ಮಂದಿ.

ಹಾಗೆಂದು ಸ್ಕ್ಯಾನಿಂಗ್ ಚೆನ್ನಾಗಿದೆ ಎಂದು ಕೈಬಿಡುವಂತೆಯೂ ಇಲ್ಲ. 45 ದಾಟಿ ಅತಿಸ್ರಾವ ಅಥವಾ ಅಡ್ಡಾದಿಡ್ಡಿ ಸ್ರಾವ ಇದ್ದವರಿಗೆ ಒಳಪದರದ ಚೂರು ತೆಗೆದು ಪರೀಕ್ಷಿಸಬೇಕು. ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆ ಇರುವವರು, ಮೊದಲಿಂದಲೂ ಪಿಸಿಓಎಸ್ ಎಂಬ ಹಾರ್ಮೋನು ತೊಂದರೆಯಿಂದ ಮುಟ್ಟು ಸರಿಯಿಲ್ಲದವರಿಗೆ ಇನ್ನೂ ಬೇಗ. ಇದಕ್ಕೆ ಅರಿವಳಿಕೆ ಕೊಟ್ಟು ಡಿ ಅಂಡ್ ಸಿ (ಗರ್ಭಕೋಶದ ಒಳಪದರ ಕೆರೆದು ತೆಗೆಯುವುದು) ಮಾಡಲೇಬೇಕೆಂದಿಲ್ಲ. 3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಕೊಳವೆಯಿಂದ ಒಪಿಡಿಯಲ್ಲೇ ಕೆಲವೇ ನಿಮಿಷದಲ್ಲಿ ಆಗುತ್ತದೆ. ಮುಟ್ಟಿನ ನೋವಿನಂಥ ಸೆಳೆತ ಇರುತ್ತದೆ, ನೋವಿನ ಮಾತ್ರೆ ಮೊದಲೇ ನುಂಗಿ ಹೋದರೆ ತಡೆದುಕೊಳ್ಳಬಹುದು. ಜತೆಯಲ್ಲೇ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಿ. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ.

ಈ ಯಾವುದನ್ನೂ ಮಾಡದೆ ನೇರವಾಗಿ ‘ತೆಗೆಸಿಬಿಡಿ, ಮಕ್ಕಳಾಗಿದೆಯಲ್ಲ’ ಎಂದರೆ ಎದ್ದು ಬನ್ನಿ, ಎರಡನೇ ವೈದ್ಯರ ಬಳಿ ಹೋಗಿ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ತೆಗೆಸಲೇಬೇಕಾದ ಸಂದರ್ಭಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ 38ರಲ್ಲಿ ಗರ್ಭಕೋಶದ ಜತೆ ಎರಡೂ ಅಂಡಾಶಯ ಕಳೆದುಕೊಂಡವರಿಗೆ ಅದೇ ವಾರದಿಂದ ಮೈ ಉರಿ, ನಿದ್ದೆಗೇಡು, ಮೂಳೆ ಸವೆತ ಶುರು. ಅಂಡಾಶಯ ಉಳಿಸಿದರೂ ಋತುಬಂಧ ಒಂದೆರಡು ವರ್ಷ ಮೊದಲೇ ಬರಬಹುದು.

ಮಾತ್ರೆಗಳ ವಿಷಯಕ್ಕೆ ಬರೋಣ. ಹೆಚ್ಚು ಬರೆಯಲ್ಪಡುವುದು ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್, ಹೆಚ್ಚು ತಪ್ಪಾಗಿ ನುಂಗಲ್ಪಡುವುದೂ ಅದೇ. ಇದರ ಪ್ರಮಾಣ 1 ಗ್ರಾಂ, ಅಂದರೆ 500 ಮಿಗ್ರಾಂನ ಎರಡು ಮಾತ್ರೆ, ದಿನಕ್ಕೆ ಮೂರು ಸಲ, ಜೋರಾಗಿ ಹೋಗುವ ದಿನಗಳಲ್ಲಿ ಮಾತ್ರ, ಹೆಚ್ಚೆಂದರೆ ನಾಲ್ಕೈದು ದಿನ. ಒಂದೊಂದೇ ಮಾತ್ರೆ ನುಂಗಿ ‘ಕೆಲಸ ಮಾಡಲಿಲ್ಲ’ ಎನ್ನುವವರು ಒಂದು ಕಡೆ, ಬಿಡದೆ ಇಪ್ಪತ್ತು ದಿನ ನುಂಗುವವರು ಇನ್ನೊಂದು ಕಡೆ. ಸರಿಯಾಗಿ ತೆಗೆದುಕೊಂಡರೆ ಸ್ರಾವ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮುಟ್ಟಿನ ದಿನಾಂಕವನ್ನು ಮಾತ್ರ ಅದು ಸರಿಪಡಿಸದು. ಕಾಲಿನಲ್ಲೋ ಶ್ವಾಸಕೋಶದಲ್ಲೋ ಒಮ್ಮೆ ರಕ್ತ ಹೆಪ್ಪುಗಟ್ಟಿದವರಿಗೆ ಇದು ಕೂಡದು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಇಳಿಸಬೇಕು. ನೋವೂ ಇದ್ದರೆ ಮೆಫೆನಾಮಿಕ್ ಆಸಿಡ್ 500 ಮಿಗ್ರಾಂ ಊಟದ ಮೇಲೆ ಮೂರು ಸಲ. ಹುಣ್ಣು, ಆಸ್ತಮಾ, ಮೂತ್ರಪಿಂಡದ ಕಾಯಿಲೆ ಇದ್ದವರು ಅದನ್ನು ಮುಟ್ಟಬಾರದು.

ಇನ್ನು ಹಬ್ಬದ ಮಾತ್ರೆ. ವರಮಹಾಲಕ್ಷ್ಮಿ, ಗೌರಿ, ನವರಾತ್ರಿ, ತಿರುಪತಿ ಪ್ರಯಾಣ ಬಂತೆಂದರೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಮುಟ್ಟು ಮುಂದೂಡುವ ನೊರೆಥಿಸ್ಟಿರಾನ್ 5 ಮಿಗ್ರಾಂ ಖರ್ಚಾಗುತ್ತದೆ. ದೇವರಿಗೆ ಅಡ್ಡಿಯೇ ಎಂಬ ಚರ್ಚೆ ಇಲ್ಲಿ ಬೇಡ. ಮುಟ್ಟಿನ ದಿನಕ್ಕೆ ಮೂರು ದಿನ ಮುಂಚೆ ಶುರುಮಾಡಿ, ದಿನಕ್ಕೆ ಮೂರರಂತೆ ನುಂಗಿ, ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುವುದು ಇದರ ಕ್ರಮ. ಮುಟ್ಟಿನ ದಿನವೇ ಗೊತ್ತಿಲ್ಲದ 46ರ ಹೆಂಗಸು ‘ಮೂರು ದಿನ ಮುಂಚೆ’ ಎಂಬುದನ್ನು ಎಲ್ಲಿಂದ ಎಣಿಸಬೇಕು? ಅಂದಾಜಿನ ಮೇಲೆ ಹದಿನೈದು, ಇಪ್ಪತ್ತು ದಿನ ನುಂಗುತ್ತಾಳೆ. ಆಗಲೇ ದಪ್ಪವಾಗಿದ್ದ ಪದರ ಮಾತ್ರೆ ನುಂಗುವಾಗಲೇ ಹನಿಯಲು ಶುರುವಾಗುತ್ತದೆ, ಬಿಟ್ಟ ಮೇಲೆ ಕಟ್ಟೆಯೊಡೆಯುತ್ತದೆ. ಹಾಗೆ ಹರಿದದ್ದನ್ನು ನಿಲ್ಲಿಸಲು ಅದೇ ಅಂಗಡಿಯಿಂದ ಟ್ರಾನೆಕ್ಸಾಮಿಕ್ ಬರುತ್ತದೆ. ನೊರೆಥಿಸ್ಟಿರಾನ್‌ನ ಒಂದಂಶ ದೇಹದಲ್ಲಿ ಈಸ್ಟ್ರೊಜನ್ ಜಾತಿಯ ಹಾರ್ಮೋನಾಗಿ ಬದಲಾಗುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ ಇದ್ದವರಿಗೆ ಈ ಎರಡು ಮಾತ್ರೆ ಒಟ್ಟಿಗೆ ಬೀಳುವುದು ಆಟವಲ್ಲ. ಇದೇ ಮಾತ್ರೆ ವೈದ್ಯರು ಕಾರಣ ಪತ್ತೆ ಮಾಡಿ, ಅವಧಿ ಹಾಕಿ ಕೊಟ್ಟಾಗ ಒಳ್ಳೆಯ ಔಷಧ. ಆದರೆ ಪದರದ ಪರೀಕ್ಷೆಯಾಗದೆ ತಿಂಗಳುಗಟ್ಟಲೆ ನುಂಗಿದರೆ ಒಳಗಿನ ರೋಗ ಮರೆಯಲ್ಲೇ ಬೆಳೆಯಬಹುದು.

ಇವೆಲ್ಲಕ್ಕಿಂತ ಉತ್ತಮ ಆಯ್ಕೆ ನಮ್ಮ ದೃಷ್ಟಿಯಲ್ಲಿ ಹಾರ್ಮೋನು ಕಾಯಿಲ್. 52 ಮಿಗ್ರಾಂ ಲಿವೊನಾರ್ಜೆಸ್ಟ್ರಲ್ ಎಂಬ ಹಾರ್ಮೋನು ತುಂಬಿದ ಈ ಪುಟ್ಟ ಸಾಧನವನ್ನು ಗರ್ಭಕೋಶದೊಳಗೆ ಕೂರಿಸಿದರೆ ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂ ಬಿಡುತ್ತಾ ಐದು ವರ್ಷ ಕೆಲಸ ಮಾಡುತ್ತದೆ. ಸ್ರಾವ ಶೇ 90ರವರೆಗೂ ಇಳಿಯಬಹುದು. ಎಡವುವುದು ಒಂದೇ ಕಡೆ: ಮೊದಲ ಮೂರರಿಂದ ಆರು ತಿಂಗಳು ದಿನಾ ಸ್ವಲ್ಪ ಸ್ವಲ್ಪ ಕಲೆಯಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ತಿಂಗಳಿಗೇ ‘ತೆಗೆದುಬಿಡಿ’ ಎಂದು ಬರುತ್ತಾರೆ.

ರಕ್ತ ಹೋದದ್ದರ ಲೆಕ್ಕ ಕಬ್ಬಿಣದಲ್ಲಿ ಹಾಕಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ ಪ್ರಕಾರ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧದ ಹತ್ತಿರ ಮಂದಿಗೆ ರಕ್ತಹೀನತೆ ಇದೆ. 80 ಎಂಎಲ್ ರಕ್ತ ಹೋದರೆ 30 ಮಿಗ್ರಾಂಗೂ ಹೆಚ್ಚು ಕಬ್ಬಿಣ ಹೋದಂತೆ. ಊಟದಿಂದ ದೇಹ ಹೀರುವುದು ದಿನಕ್ಕೆ 1–2 ಮಿಗ್ರಾಂ, ಅದರಲ್ಲೂ 1 ಮಿಗ್ರಾಂ ನಿತ್ಯದ ಸವಕಳಿಗೇ ಸರಿಹೋಗುತ್ತದೆ. ಹಾಗಾಗಿ 8 ಗ್ರಾಂ ಹಿಮೋಗ್ಲೋಬಿನ್ ಇರುವವರಿಗೆ ಬೀಟ್‌ರೂಟ್ ರಸ ಕುಡಿಸಿ ಕಾಯುವುದರಲ್ಲಿ ಅರ್ಥವಿಲ್ಲ. ಬೀಟ್‌ರೂಟ್ ಕೆಂಪಗಿರುವುದು ಕಬ್ಬಿಣದಿಂದಲ್ಲ. ಸರ್ಕಾರಿ ಕಬ್ಬಿಣದ ಮಾತ್ರೆಯಲ್ಲಿ 60 ಮಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇದೆ. ಕಾಫಿ–ಟೀಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಮಾತ್ರೆ, ಹಾಲು ಜತೆಗೆ ಬೇಡ. ನಿಂಬೆಹಣ್ಣು, ನೆಲ್ಲಿಕಾಯಿ ಜತೆಗಿದ್ದರೆ ಒಳ್ಳೆಯದು. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಬಿಡಬೇಡಿ. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ನುಂಗಿದರೂ ಹೀರುವಿಕೆ ಚೆನ್ನಾಗಿಯೇ ಇರುತ್ತದೆ. ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಕೂಡ ಏರದಿದ್ದರೆ, ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ ಅಥವಾ ರಕ್ತ ನಿಂತಿಲ್ಲ. ಆಗ ನರಕ್ಕೆ ಕಬ್ಬಿಣ ಕೊಡುವ ದಾರಿಯಿದೆ. ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಿದರೆ ಮಾತ್ರ ದೇಹದ ಕಬ್ಬಿಣದ ಉಗ್ರಾಣ ತುಂಬುತ್ತದೆ.

ಮೈ ಬಿಸಿಯೇರುವುದಕ್ಕೆ ಕಾರಣ ಮೆದುಳಿನಲ್ಲಿದೆ. ತಾಪ ಕಾಯುವ ಕೇಂದ್ರ ಈಸ್ಟ್ರೊಜನ್ ಏರುಪೇರಿಗೆ ಸಿಕ್ಕಿ ಅತಿಸೂಕ್ಷ್ಮವಾಗಿ, ಅರ್ಧ ಡಿಗ್ರಿ ವ್ಯತ್ಯಾಸಕ್ಕೂ ಬೆವರು ಕಿತ್ತು ಹರಿಸುತ್ತದೆ. ಒಂದು ಸಲಕ್ಕೆ ಒಂದರಿಂದ ಐದು ನಿಮಿಷ, ಒಟ್ಟಾರೆ ಸರಾಸರಿ ಏಳು ವರ್ಷ. ನೈಲಾನ್ ಸಮವಸ್ತ್ರ, ಕುದಿಯುವ ಕಾಫಿ, ಖಾರ, ಮದ್ಯ ಇದನ್ನು ಕೆರಳಿಸುತ್ತವೆ. ತೂಕ ಇಳಿಸಿದವರಲ್ಲಿ ಕಡಿಮೆಯಾಗುವುದು ಕಂಡಿದೆ. ರಾತ್ರಿ ಬೆವರಿನ ಜತೆ ಸಂಜೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಮಾತ್ರ ಅದನ್ನು ಋತುಬಂಧದ ಲೆಕ್ಕಕ್ಕೆ ಹಾಕದೆ ಕ್ಷಯದ ಪರೀಕ್ಷೆ ಮಾಡಿಸಿ. ಕೆಲಸ ಕೆಡುವಷ್ಟು ಬಿಸಿಯೇರುವವರಿಗೆ ಈಸ್ಟ್ರೊಜನ್ ಚಿಕಿತ್ಸೆಯಷ್ಟು ಪರಿಣಾಮಕಾರಿ ಬೇರಿಲ್ಲ. 60ರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರುಮಾಡಿದವರಲ್ಲಿ ಲಾಭವೇ ಹೆಚ್ಚು. ಗರ್ಭಕೋಶ ಇರುವವರಿಗೆ ಜತೆಗೆ ಪ್ರೊಜೆಸ್ಟರಾನ್ ಕಡ್ಡಾಯ, ಇಲ್ಲದಿದ್ದರೆ ಪದರ ಬೆಳೆದು ಕ್ಯಾನ್ಸರಿಗೆ ದಾರಿ. ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್ ಆದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಇಲ್ಲ. ಅವರಿಗೆ ವೆನ್ಲಫ್ಯಾಕ್ಸಿನ್, ಗ್ಯಾಬಪೆಂಟಿನ್‌ನಂಥ ಬೇರೆ ಔಷಧಗಳಿವೆ. ಮನಸ್ಸು ಕುಗ್ಗಿ ದಿನ ದೂಡುವುದೇ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಉರಿಮೂತ್ರ ಎಂದು ಮತ್ತೆ ಮತ್ತೆ ಆ್ಯಂಟಿಬಯಾಟಿಕ್ ನುಂಗುವವರು ಗಮನಿಸಿ. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಕ್ರಿಮಿಯಿಲ್ಲದಿದ್ದರೆ ಅದು ಸೋಂಕಿಗಿಂತ ಹೆಚ್ಚಾಗಿ ಯೋನಿಯ ಒಳಚರ್ಮ ಒಣಗಿ ತೆಳುವಾಗಿರುವುದು. ಡೆಟಾಲ್, ಸೋಪು ಹಾಕಿ ತೊಳೆದಷ್ಟೂ ಹೆಚ್ಚಾಗುತ್ತದೆ. ಈಸ್ಟ್ರಿಯಾಲ್ (ಈಸ್ಟ್ರೊಜನ್ ಜಾತಿಯ ಹಾರ್ಮೋನು) ಕ್ರೀಮು ಮೊದಲ ಎರಡು ಮೂರು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ ಹಚ್ಚಬೇಕು. ರಕ್ತಕ್ಕೆ ಸೇರುವುದು ಅತ್ಯಲ್ಪ. ಒಂದು ಟ್ಯೂಬ್ ಮುಗಿದಾಗ ವಾಸಿಯಾಯಿತೆಂದು ನಿಲ್ಲಿಸಿದರೆ ತಿಂಗಳೊಳಗೆ ಉರಿ ವಾಪಸ್.

ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ಕಂಡರೂ, ನಸುಗೆಂಪು ಕಲೆಯಾದರೂ, ಅದೇ ವಾರ ವೈದ್ಯರ ಬಳಿ ಹೋಗಬೇಕು. ಹತ್ತರಲ್ಲಿ ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಉಳಿದ ಒಬ್ಬರದ್ದು ಬೇಗ ಸಿಕ್ಕರೆ ಬಹುಪಾಲು ಗುಣವಾಗುತ್ತದೆ. ‘ಮತ್ತೆ ಮುಟ್ಟು ಬಂತು, ವಯಸ್ಸು ಕಡಿಮೆಯಾಯಿತು’ ಎಂದು ನಗುವ ವಿಷಯ ಇದಲ್ಲ.

ಕಾರ್ಮಿಕ ಇಲಾಖೆಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ವರ್ಷದ 12 ದಿನ 12 ದಿನವೇ ಇರಲಿ, ಆದರೆ 40 ದಾಟಿದವರಿಗೆ ಮೂರು ತಿಂಗಳ ಮೂರು ರಜೆಯನ್ನು ಒಟ್ಟಿಗೆ ತೆಗೆದುಕೊಳ್ಳಲು ಅವಕಾಶ ಕೊಡಿ. ಗರ್ಭಕೋಶ ತೆಗೆಸಿಕೊಂಡು, ಮುಟ್ಟಿಲ್ಲದೆ ಬರೀ ಉರಿ–ಬೆವರಿನಲ್ಲಿ ಬೇಯುವವರೂ ಇದರೊಳಗೆ ಬರುತ್ತಾರೆಂದು ಸ್ಪಷ್ಟಪಡಿಸಿ. ಗಾರ್ಮೆಂಟ್ಸ್ ಲೈನಿನಲ್ಲಿ ಶೌಚಾಲಯಕ್ಕೆ ಹೋದ ನಿಮಿಷವನ್ನು ಟಾರ್ಗೆಟ್‌ನಿಂದ ಕಳೆಯುವ ಪದ್ಧತಿ ಇರುವವರೆಗೂ ಎರಡು ಗಂಟೆಗೊಮ್ಮೆ ಪ್ಯಾಡು ಬದಲಿಸುವವರು ಬದಲಿಸದೆಯೇ ಕೂರುತ್ತಾರೆ, ನೀರನ್ನೂ ಕುಡಿಯುವುದಿಲ್ಲ. ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ 3 ಮಿ.ಮೀ. ಪ್ಲಾಸ್ಟಿಕ್ ಕೊಳವೆಯನ್ನೂ ಹಾರ್ಮೋನು ಕಾಯಿಲನ್ನೂ ದಾಸ್ತಾನಿನ ಪಟ್ಟಿಗೆ ಸೇರಿಸಲಿ. ರಜೆ ಅರ್ಜಿಯಲ್ಲಿ ಕೊನೆಯ ಮುಟ್ಟಿನ ದಿನಾಂಕ ಕೇಳುವ ಅಂಕಣ ಇದ್ದರೆ ಅದನ್ನು ತೆಗೆಸಿ. ಈ ವಯಸ್ಸಿನಲ್ಲಿ ಅದಕ್ಕೆ ಬರೆಯುವ ಉತ್ತರದಿಂದ ಮೇಲ್ವಿಚಾರಕರಿಗೆ ಏನೂ ತಿಳಿಯುವುದಿಲ್ಲ.

— ಕೆಲವು ಸ್ತ್ರೀರೋಗ ವೈದ್ಯೆಯರು ಮತ್ತು ಶುಶ್ರೂಷಾಧಿಕಾರಿಗಳು, ಬೆಂಗಳೂರು